ವಿಡಿಯೋ ನೋಡಿದ್ದೆಲ್ಲ ಓದಿದ ಹಾಗಲ್ಲ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಡೊಂಬಿವಲಿಯ ಕನ್ನಡ ಮನೆಯ ಹುಡುಗಿ, ಎಂಬಿಬಿಎಸ್ ಮೂರನೇ ವರ್ಷ. ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕ್ಯಾಷಿಯರ್. ಓದಿನ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದವಳು, "ಇಡೀ ದಿನ ಓದ್ತೇನೆ ಮೇಡಂ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮಾತೇ ಬರಲ್ಲ" ಎಂದು ಅತ್ತಳು.

ಓದು ಅಂದರೆ ಏನು ಎಂದು ಕೇಳಿದೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಡಬಲ್ ಸ್ಪೀಡಿನಲ್ಲಿ ವಿಡಿಯೋ. ಒಂದೇ ರೂಮಿನ ಮನೆ, ಟಿವಿ ಆಫ್ ಆಗಿ ಎಲ್ಲರೂ ಮಲಗಿದ ಮೇಲೆ ಮತ್ತೆ ವಿಡಿಯೋ. ಬೆಳಿಗ್ಗೆ ಏಳಲು ಆಗದೆ, ರೋಗಿಗಳ ಪಕ್ಕದಲ್ಲೇ ಪಾಠ ನಡೆಯುವ ವಾರ್ಡ್ ತಪ್ಪುತ್ತದೆ. ತಪ್ಪಿದ ಪಾಠಕ್ಕೆ ಇನ್ನೊಂದು ವಿಡಿಯೋ.

ಫೋನ್ ಮಗುಚಿಡಿಸಿ, ನಿನ್ನೆ ನೋಡಿದ್ದನ್ನು ಹೇಳು ಎಂದೆ. ಹೃದಯದ ಕವಾಟ ಕಿರಿದಾಗುವ ಕಾಯಿಲೆ, ಮೈಟ್ರಲ್ ಸ್ಟೆನೋಸಿಸ್ ಬಗ್ಗೆ ಶುರು ಮಾಡಿದಳು. ಎರಡು ವಾಕ್ಯಕ್ಕೇ ನಿಂತಳು. ಆಮೇಲೆ ಮೆಲ್ಲಗೆ ನಿಜವಾದ ಸಂಗತಿ ಬಂತು. ಇಯರ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿದ್ದ ಆ ಕಾಯಿಲೆಯ ಮರ್ಮರ್ (ಹೃದಯದ ಅಸಹಜ ಸದ್ದು) ವಾರ್ಡಿನಲ್ಲಿ ಕೇಳಿಸಲೇ ಇಲ್ಲ. ಪಕ್ಕದವರೆಲ್ಲ ಕೇಳಿಸಿತು ಎಂದರು. "ನಾನು ಡಾಕ್ಟರ್ ಆಗೋಕೆ ಲಾಯಕ್ಕಿಲ್ಲ" ಎಂದುಕೊಂಡು ಅಂದಿನಿಂದ ವಾರ್ಡಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಳು.

ಅದು ತಗ್ಗು ಸ್ವರದ ಗುಡುಗುಡು ಶಬ್ದ. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಸ್ಟೆತಸ್ಕೋಪಿನ ಬೆಲ್ ಅನ್ನು (ತಗ್ಗು ಸ್ವರ ಕೇಳಿಸುವ ಬಟ್ಟಲಿನಂಥ ಬದಿಯನ್ನು) ಹಗುರವಾಗಿ ಇಟ್ಟು, ಉಸಿರು ಬಿಡಿಸಿ ಕೇಳಬೇಕು. ವಿಡಿಯೋದಲ್ಲಿ ಜೋರು ಮಾಡಿ ಕೇಳಿಸಿರುತ್ತಾರೆ. ಗದ್ದಲದ ವಾರ್ಡಿನಲ್ಲಿ ಮೊದಲ ಸಲಕ್ಕೆ ಎಷ್ಟೋ ಜನರಿಗೆ ಕೇಳಿಸುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ ಅನ್ನುವುದೇ ನನಗೆ ಸಂಕಟ. ಲಿಂಕ್ ಕಳಿಸಿದರೆ ಪಾಠ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇವಳದು ಸೋಮಾರಿತನ ಅಲ್ಲವೇ ಅಲ್ಲ.

ವಿಡಿಯೋ ಬಿಡು ಎಂದು ನಾನು ಹೇಳಲಿಲ್ಲ. ಹಳೇ ಬಾಕಿಯ ರಾಶಿ ಮಾತ್ರ ಬಿಡು ಎಂದೆ. 20 ನಿಮಿಷ ನೋಡು, ನಿಲ್ಲಿಸು, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರಿ. ಬಿಟ್ಟುಹೋದದ್ದನ್ನಷ್ಟೇ ಮತ್ತೆ ನೋಡು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದಾಗ, ನೆನಪಿನಿಂದ ಬರೆದವರೇ ಮುಂದೆ. ವಿಡಿಯೋ ನೋಡುವಾಗ ಎಲ್ಲ ಗೊತ್ತು ಅನ್ನಿಸುತ್ತದೆ, ಅಲ್ವಾ? ಮೋಸ ಇರುವುದೇ ಅಲ್ಲಿ.

ದಿನಕ್ಕೆ ಒಬ್ಬ ರೋಗಿ ಸಾಕು ಎಂದೆ. ಅವಳ ಮರಾಠಿ ಚೆನ್ನಾಗಿದೆ, ರೋಗಿಯ ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ಕೇಳಲು ಅದೇ ದೊಡ್ಡ ಬಲ. "ನನಗೆ ಕೇಳಿಸ್ತಿಲ್ಲ, ಒಮ್ಮೆ ತೋರಿಸ್ತೀರಾ?" ಎಂದು ಸೀನಿಯರನ್ನು ಕೇಳುವುದನ್ನು ನನ್ನೆದುರೇ ಹೇಳಿಸಿದೆ. ಮೊದಲು ದನಿಯೇ ಹೊರಡಲಿಲ್ಲ.

ವಾರ್ಡ್ ಸೇರಿದಂತೆ ಪ್ರಾಕ್ಟಿಕಲ್‌ಗೆ 80% ಹಾಜರಿ ಬೇಕೇ ಬೇಕು, ಆದ್ದರಿಂದ ವಾರ್ಡ್ ತಪ್ಪುತ್ತಿರುವ ವಿಷಯವನ್ನು ಮನೆಯಲ್ಲಿ ಹೇಳಲು ಒಪ್ಪಿಸಿದೆ. ಸಂಜೆ ಓದು ಕಾಲೇಜಿನ ಲೈಬ್ರರಿಯಲ್ಲಿ, ರಾತ್ರಿ ನಿದ್ದೆ. ಬದುಕೇ ಬೇಡ ಅನ್ನಿಸಿದರೆ ಯಾವ ಹೊತ್ತಿಗಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು ಎಂದು ನಂಬರ್ ಬರೆದುಕೊಟ್ಟೆ.

ಈಗ ಮೆಡಿಸಿನ್ ವಾರ್ಡಿಗೆ ತಪ್ಪದೆ ಹೋಗುತ್ತಿದ್ದಾಳೆ. ಬಾಕಿ ವಿಡಿಯೋಗಳ ಪಟ್ಟಿ ಅಳಿಸಲು ಮಾತ್ರ ಇನ್ನೂ ಮನಸ್ಸಿಲ್ಲ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆಯೇ ಮಾತಾಡಬೇಕು.