ಹಳೆಯ ಲೆನ್ಸು, ಹೊಸ ಲೆನ್ಸು ಮತ್ತು ಮಬ್ಬಾದ ಮೂಲೆಗಳು

ಪ್ರಶ್ನೆ: ಮುಚ್ಚಿಹೋದ ಸ್ಟುಡಿಯೋ ಒಂದರಿಂದ, ನೆಗೆಟಿವ್ ಅನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್ ಕೊಂಡಿದ್ದೇನೆ. ಅದರೊಂದಿಗೆ ಲೋಹದ ಕವಚದ ಹಳೆಯ ಎಲ್-ನಿಕ್ಕೋರ್ 50 ಎಂಎಂ ಎಫ್/2.8 ಲೆನ್ಸ್ ಬಂದಿದೆ. 35 ಎಂಎಂ ನೆಗೆಟಿವ್‌ನಿಂದ 12×16 ಇಂಚಿನ ಕಪ್ಪು-ಬಿಳುಪು ಪ್ರಿಂಟ್ ತೆಗೆದರೆ ಮೂಲೆಗಳು ಮಬ್ಬಾಗುತ್ತವೆ. ಇದನ್ನು ಮಾರಿ ಹೊಸ ಅಪೋ-ರೋಡಗಾನ್ ಲೆನ್ಸ್ ಕೊಳ್ಳಲೇ?

ಉತ್ತರ: ಈಗಲೇ ಬೇಡ. ವಯಸ್ಸು ನೋಡಿ ಲೆನ್ಸಿಗೆ ಬೆಲೆ ಕಟ್ಟುವ ಈ ಪ್ರಶ್ನೆ ನನಗೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ನೋಡಬೇಕಾದದ್ದು ತಯಾರಾದ ವರ್ಷವನ್ನಲ್ಲ, ಒಳಗಿನ ಗಾಜುಗಳ ರಚನೆಯನ್ನು. ನಿಮ್ಮದು ಆರು ಗಾಜುಗಳ ಲೆನ್ಸ್. ಷ್ನೈಡರ್‌ನ ಕಾಂಪೊನಾನ್-ಎಸ್ ಮತ್ತು ರೋಡೆನ್‌ಸ್ಟಾಕ್‌ನ ರೋಡಗಾನ್ ಇದೇ ಪಂಕ್ತಿಯವು. ಅದೇ ಕಂಪನಿಗಳ ನಾಲ್ಕು ಗಾಜಿನ ಕಾಂಪರಾನ್ ಅಥವಾ ಮೂರು ಗಾಜಿನ ರೋಗೊನಾರ್ ನಿನ್ನೆ ಪೆಟ್ಟಿಗೆಯಿಂದ ತೆಗೆದದ್ದಾದರೂ 12×16ರ ಮೂಲೆಗಳಲ್ಲಿ ನಿಮ್ಮ ಹಳೆಯ ಲೆನ್ಸಿಗೆ ಸಾಟಿಯಾಗಲಾರದು. ನಿಮ್ಮ ಲೆನ್ಸಿನ ಹೊಸ ‘ಎನ್’ ಮಾದರಿಯಲ್ಲಿ ಎದ್ದು ಕಾಣುವ ಅನುಕೂಲವೆಂದರೆ ಕತ್ತಲಲ್ಲಿ ಬೆಳಗುವ ಅಪರ್ಚರ್ (ಬೆಳಕು ಬಿಡುವ ರಂಧ್ರದ) ಎಫ್ ಅಂಕಿಗಳು. ಅದು ಸುಖವೇ ಹೊರತು ಹರಿತವಲ್ಲ.

ಮೊದಲು ಮಬ್ಬಿನ ಮೂಲ ಹುಡುಕಿ. ಎಫ್/5.6ರಲ್ಲಿ ನಡುವೆ ಗ್ರೇನ್ (ಫಿಲ್ಮಿನ ಸೂಕ್ಷ್ಮ ಕಣಗಳು) ಸ್ಪಷ್ಟವಾಗುವಂತೆ ಫೋಕಸ್ ಮಾಡಿ, ಅದನ್ನು ಹಿಗ್ಗಿಸಿ ತೋರಿಸುವ ಗ್ರೇನ್ ಫೋಕಸರ್ ಅನ್ನು ಒಂದೊಂದೇ ಮೂಲೆಗೆ ಸರಿಸಿ ನೋಡಿ. ಎಡಗಡೆ ಗ್ರೇನ್ ಕಾಳುಕಾಳಾಗಿ ಕಂಡು ಬಲಗಡೆ ಕರಗಿದ್ದರೆ ನೆಗೆಟಿವ್, ಲೆನ್ಸ್, ಕಾಗದ ಹಿಡಿಯುವ ಈಸೆಲ್ ಈ ಮೂರರಲ್ಲಿ ಒಂದು ಸಮಾಂತರವಾಗಿಲ್ಲ. ಸ್ಟುಡಿಯೋದಿಂದ ಬಿಚ್ಚಿ ತಂದ ಎನ್‌ಲಾರ್ಜರ್‌ನಲ್ಲಿ ನಾನು ಮೊದಲು ಸಂಶಯಪಡುವುದು ಇದನ್ನೇ. ದೀಪವನ್ನು ಎರಡು ನಿಮಿಷ ಉರಿಯಲು ಬಿಟ್ಟಾಗ ನಡುವಿನ ಗ್ರೇನೇ ಮಾಯವಾದರೆ ನೆಗೆಟಿವ್ ಬಿಸಿಗೆ ಉಬ್ಬಿದೆ, ಗಾಜಿನ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು) ಬಳಸಿ. ಇವೆರಡೂ ಅಲ್ಲದೆ ನಾಲ್ಕೂ ಮೂಲೆಗಳು ಒಂದೇ ಸಮ ಮಬ್ಬಾಗಿದ್ದು, ಎಫ್/8ರಲ್ಲೂ ಸುಧಾರಿಸದಿದ್ದರೆ ಮಾತ್ರ ಲೆನ್ಸನ್ನು ದೂರಿ. ಹರಿತ ಹೆಚ್ಚಲೆಂದು ರಂಧ್ರವನ್ನು ಕಿರಿದುಮಾಡಿ ಎಫ್/16ಕ್ಕೆ ಇಳಿಸುವವರಿದ್ದಾರೆ. ಸುಮಾರು ಹನ್ನೆರಡು ಪಟ್ಟು ಹಿಗ್ಗಿಸುವಾಗ ಆ ಅಪರ್ಚರ್‌ನಲ್ಲಿ ಬೆಳಕಿನ ವಿವರ್ತನೆಯಿಂದಲೇ, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದಲೇ, ಕಾಗದದ ಮೇಲೆ ಪ್ರತಿಯೊಂದು ಬಿಂದುವೂ ಕಾಲು ಮಿಲಿಮೀಟರಿಗಿಂತ ದೊಡ್ಡ ಚುಕ್ಕೆಯಾಗಿ ಹರಡುತ್ತದೆ.

ಅಪೋ ಲೆನ್ಸ್ ಸುಳ್ಳಲ್ಲ. ಬೇರೆ ಬೇರೆ ಬಣ್ಣದ ಬೆಳಕನ್ನು ಅದು ಹೆಚ್ಚು ನಿಖರವಾಗಿ ಒಂದೇ ತಲದಲ್ಲಿ ಕೂಡಿಸುವುದರಿಂದ, ನೀಲಿ ಮತ್ತು ಹಸಿರು ಬೆಳಕಿಗೆ ಸ್ಪಂದಿಸುವ ಮಲ್ಟಿಗ್ರೇಡ್ ಕಾಗದದ ಮೇಲೆ ಬಹಳ ದೊಡ್ಡ ಪ್ರಿಂಟ್ ಮಾಡುವವರಿಗೆ ವ್ಯತ್ಯಾಸ ಕಾಣಬಹುದು. ಆದರೆ ಓರೆಯಾದ ಎನ್‌ಲಾರ್ಜರ್‌ಗೆ ಅದನ್ನು ತಿರುಗಿಸಿ ಕೂರಿಸಿದರೆ ದುಬಾರಿ ಮಬ್ಬು ಸಿಗುತ್ತದೆ, ಅಷ್ಟೇ.

ಹಳೆಯ ಲೆನ್ಸಿನ ವಿಷಯದಲ್ಲಿ ನಾನು ನಿಜವಾಗಿ ಅಂಜುವುದು ಬೂಷ್ಟಿಗೆ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸುಗಳ ಬೂಷ್ಟಿಗೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಹಿಡಿದು ನೋಡಿ: ಜೇಡರ ಬಲೆಯಂಥ ಎಳೆಗಳು, ಹಾಲಿನಂಥ ಮಂಜು, ಅಂಟು ಬಿಟ್ಟ ಗಾಜಿನ ಅಂಚಿನಲ್ಲಿ ಹೊಳೆಯುವ ಉಂಗುರ, ಇವುಗಳಲ್ಲಿ ಯಾವುದು ಕಂಡರೂ ಆ ಲೆನ್ಸನ್ನು ಬಿಟ್ಟುಬಿಡಿ. ಒಂದೆರಡು ಧೂಳಿನ ಕಣಕ್ಕೆ ಗಾಬರಿ ಬೇಡ. ಟೂತ್‌ಪೇಸ್ಟಿನಿಂದ ಬೂಷ್ಟು ಉಜ್ಜಿ ತೆಗೆಯಿರೆಂದು ವಿಡಿಯೋದಲ್ಲಿ ಬೋಧಿಸುವ ಪಂಡಿತರು ಬೂಷ್ಟಿನೊಂದಿಗೆ ಗಾಜಿನ ಮೇಲಿನ ಲೇಪನವನ್ನೂ ಕೆರೆದುಹಾಕುತ್ತಾರೆ.

ಪ್ರಶ್ನೆ: ಲೆನ್ಸ್ ಕೂರಿಸುವ ತಿರುಪಿನ ಥ್ರೆಡ್ ಒಂದೇ ಆದ್ದರಿಂದ ಹಳೆಯ ಕ್ಯಾಮೆರಾ ಲೆನ್ಸನ್ನೇ ಎನ್‌ಲಾರ್ಜರ್‌ಗೆ ಹಾಕಬಹುದೇ?

ಉತ್ತರ: ಕೂರುತ್ತದೆ, ಆದರೆ ದೂರದ ದೃಶ್ಯಕ್ಕೆಂದು ರೂಪಿಸಿದ್ದು ಹತ್ತಿರದ ಚಪ್ಪಟೆ ನೆಗೆಟಿವ್‌ಗೆ ಹೊಂದುವುದಿಲ್ಲ.

ಪ್ರಶ್ನೆ: 6×6 ಸೆಂಟಿಮೀಟರಿನ ದೊಡ್ಡ ನೆಗೆಟಿವ್‌ಗೂ 50 ಎಂಎಂ ಸಾಕೇ?

ಉತ್ತರ: ಸಾಲದು, ಮೂಲೆಗಳಿಗೆ ಬೆಳಕೇ ತಲುಪುವುದಿಲ್ಲ, 75 ಅಥವಾ 80 ಎಂಎಂ ತನ್ನಿ.

ಪ್ರಶ್ನೆ: ಜರ್ಮನ್ ಗಾಜು ಜಪಾನಿನದಕ್ಕಿಂತ ಮೇಲಂತೆ, ಹೌದೇ?

ಉತ್ತರ: ಹಾಗೆಂದವರು ಮಾರುತ್ತಿರುವ ಲೆನ್ಸ್ ಯಾವ ದೇಶದ್ದೆಂದು ಕೇಳಿ ನೋಡಿ.