ಮಂಗಳೂರಿನಿಂದಲೇ ಹೊರಡಿ, ಕಡಲು ಎಡಕ್ಕಿರಲಿ

ಡಿಸೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ ಮಂಗಳೂರು–ಕಾರವಾರ ನೋಡಲು ಮೂರು ದಿನ ಸಾಕೇ, ಯಾವ ತುದಿಯಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಸಾಕು. ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಅಷ್ಟೇ. ಮಂಗಳೂರಿನಿಂದ ಹೊರಟರೆ ಕಡಲು ಎಡಕ್ಕೆ ಬರುತ್ತದೆ. ಮರವಂತೆಯಲ್ಲಿ ರಸ್ತೆ ದಾಟದೆಯೇ ಬದಿಗೆ ನಿಲ್ಲಿಸಬಹುದು, ಬಲಕ್ಕೆ ಸೌಪರ್ಣಿಕಾ ನದಿ. ಮೊದಲ ರಾತ್ರಿ ಉಡುಪಿ, ಎರಡನೆಯದು ಗೋಕರ್ಣ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿಗೆ ಬೆಳಿಗ್ಗೆಯೇ ಹೋಗಿ.

ಕಾರನ್ನು ಮಾತ್ರ ಮರಳಿಗೆ ಇಳಿಸಬೇಡಿ. ಹೂತುಕೊಂಡರೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಗಿಳಿಯುತ್ತದೆ. ಟೈರ್ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮರಳು ತೋಡಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೊರತನ್ನಿ. ಮತ್ತೆ ಗಾಳಿ ತುಂಬಿಸುವವರೆಗೆ ವೇಗ ಬೇಡವೇ ಬೇಡ. ಊರಿಗೆ ಬಂದ ಕೂಡಲೇ ಕಾರಿನ ತಳವನ್ನು ಸಿಹಿನೀರಿನಲ್ಲಿ ತೊಳೆಸಿ. ಉಪ್ಪು ಕೂತರೆ ತುಕ್ಕು ಹಿಡಿಯುತ್ತದೆ.