ಓದುಗರ ಪ್ರಶ್ನೆ: ವಿಷು ಬರುವಾಗ ನಿಂತುಹೋಗುವ ಯೋಗಾಭ್ಯಾಸ

ಪ್ರಶ್ನೆ: ನಾನು 43 ವರ್ಷದ ಗೃಹಿಣಿ. ಬದಿಯಡ್ಕದ ಸಮೀಪ ಅಡಿಕೆ ತೋಟದ ಮನೆಯಲ್ಲಿದ್ದೇವೆ. ಪ್ರತಿವರ್ಷ ರಥಸಪ್ತಮಿಯಂದು ಸಂಕಲ್ಪ ಮಾಡಿ, ಬೆಳಿಗ್ಗೆ 12 ಸೂರ್ಯನಮಸ್ಕಾರ, ಒಂದಷ್ಟು ಆಸನ, ಮೂರು ಸುತ್ತು ಕಪಾಲಭಾತಿ, ಸಂಜೆ ಅರ್ಧ ಗಂಟೆ ನಡಿಗೆ ಎಂದು ಆರಂಭಿಸುತ್ತೇನೆ. ಮೀನ ಮಾಸದ (ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ) ಸೆಕೆ ಏರುತ್ತಿದ್ದಂತೆ ಒಂದೊಂದೇ ದಿನ ತಪ್ಪುತ್ತದೆ, ವಿಷು ಕಣಿ ಇಡುವ ಹೊತ್ತಿಗೆ ಪೂರ್ತಿ ನಿಂತಿರುತ್ತದೆ. ನಾಲ್ಕು ನಮಸ್ಕಾರ ಮುಗಿಯುವ ಮೊದಲೇ ಬೆವರು ಧಾರೆಯಾಗಿ ಇಳಿದು ಸಾಕಾಗುತ್ತದೆ. ಬೇಸಿಗೆಯಲ್ಲಿ ಯೋಗ ಮಾಡಬಾರದೆಂದು ಶಾಸ್ತ್ರವೇ ಹೇಳಿದೆ ಎನ್ನುತ್ತಾರೆ ನಮ್ಮ ಮಾವನವರು. ಬಿಡುವುದೇ ಸರಿಯೇ?
— ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಮಾವನವರ ಮಾತಿಗೆ ಆಧಾರವಿಲ್ಲದಿಲ್ಲ. ಹೇಮಂತ, ಶಿಶಿರ, ಗ್ರೀಷ್ಮ, ವರ್ಷ ಋತುಗಳಲ್ಲಿ ಯೋಗವನ್ನು ಆರಂಭಿಸಬಾರದು, ವಸಂತದಲ್ಲೋ ಶರತ್ತಿನಲ್ಲೋ ಆರಂಭಿಸಬೇಕು ಎಂದು ಹಠಯೋಗದ ಗ್ರಂಥವಾದ ಘೇರಂಡ ಸಂಹಿತೆಯ ಐದನೆಯ ಅಧ್ಯಾಯದಲ್ಲಿದೆ. ಆದರೆ ಅಲ್ಲಿ ಹೇಳಿರುವುದು ಆರಂಭದ ವಿಚಾರ. ಆರಂಭಿಸಿದವರು ಬೇಸಿಗೆ ಬಂತೆಂದು ನಿಲ್ಲಿಸಬೇಕೆಂಬ ಮಾತು ಅದರಲ್ಲಿಲ್ಲ. (ಅದನ್ನೇ ಕಟ್ಟುನಿಟ್ಟಾಗಿ ಹಿಡಿದರೆ, ಮಾಘ ಮಾಸದ ರಥಸಪ್ತಮಿ ಶಿಶಿರ ಋತುವಿನಲ್ಲಿ ಬರುವುದರಿಂದ, ನೀವು ಆರಂಭಿಸಿದ ದಿನವೇ ತಪ್ಪಾಗುತ್ತದೆ. ಇದನ್ನು ಮಾವನವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು.) ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯದಲ್ಲಿ ಗ್ರೀಷ್ಮದಲ್ಲಿ ಬಿಡಬೇಕಾದವುಗಳ ಸಾಲಿನಲ್ಲಿ ವ್ಯಾಯಾಮವೂ ಇದೆ ಎಂಬುದು ನಿಜ, ಅದೇ ಗ್ರಂಥದ ದಿನಚರ್ಯೆಯಲ್ಲಿ ಮಾತ್ರ, ಚಳಿಗಾಲದಲ್ಲೂ ವಸಂತದಲ್ಲೂ ಬಲವುಳ್ಳವರು ಅರ್ಧಶಕ್ತಿಯಿಂದ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಮಂದವಾಗಿ ಮಾಡಬೇಕು ಎಂದಿದೆ. ಎರಡನ್ನೂ ಜತೆಗಿಟ್ಟು ಓದಿದರೆ, ದಣಿಯುವಷ್ಟು ಮಾಡಬೇಡಿ, ಮಾಡುವುದನ್ನು ಮೆಲ್ಲಗೆ ಮಾಡಿ ಎಂಬ ಅರ್ಥವೇ ನನಗೆ ಹೊಂದುತ್ತದೆ.

ಅರ್ಧಶಕ್ತಿ ಎಂದರೆ ಎಷ್ಟು ಎಂಬುದಕ್ಕೆ ಆಯುರ್ವೇದದಲ್ಲಿ ಎರಡು ಗುರುತುಗಳನ್ನು ಹೇಳುವ ರೂಢಿಯಿದೆ: ಹಣೆ, ಮೂಗು, ಕಂಕುಳಲ್ಲಿ ಬೆವರು ಕಾಣಿಸಿಕೊಳ್ಳುವುದು ಒಂದು, ಮೂಗಿನಲ್ಲಿ ಆಡುತ್ತಿದ್ದ ಉಸಿರು ಬಾಯಿಗೆ ಬರುವುದು ಇನ್ನೊಂದು. ಮೊದಲನೆಯ ಗುರುತು ನಮ್ಮ ಕಾಸರಗೋಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಜಗಲಿಯಲ್ಲಿ ಸುಮ್ಮನೆ ಕುಳಿತವರ ಹಣೆಯೂ ಒದ್ದೆಯಾಗುತ್ತದೆ. ಬೆವರು ಚರ್ಮದ ಮೇಲೆ ಆರಿದಾಗ ಮಾತ್ರ ಶರೀರ ತಣಿಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಕಡಲ ಕರೆಯ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರಿನಿಂದ ತಂಪೂ ಇಲ್ಲ. ಶಾಖವನ್ನು ಹೊರಹಾಕಲು ಶರೀರ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಹರಿಸಬೇಕಾಗುತ್ತದೆ, ಆದ್ದರಿಂದ ಮಾಘದಲ್ಲಿ ಮಾಡಿದ ಅದೇ ನಾಲ್ಕು ನಮಸ್ಕಾರಕ್ಕೆ ಮೀನ ಮಾಸದಲ್ಲಿ ಎದೆಬಡಿತ ಹೆಚ್ಚು ಏರುತ್ತದೆ. ನಿಮಗೆ ಸಾಕಾಗುವುದು ಸೋಮಾರಿತನದಿಂದಲ್ಲ.

ಹಾಗಾಗಿ ಬೆವರನ್ನು ಲೆಕ್ಕಕ್ಕೆ ಹಿಡಿಯದೆ ಉಸಿರನ್ನು ನೋಡಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡುತ್ತ ಎಷ್ಟು ನಮಸ್ಕಾರ ಸಾಧ್ಯವೋ ಅಷ್ಟೇ ಆ ದಿನದ ಪಾಲು. ಉಸಿರು ಬಾಯಿಗೆ ಬಂದ ಕ್ಷಣ ನಿಲ್ಲಿಸಿ, ಕುಳಿತು, ಉಸಿರು ಮೊದಲಿನಂತಾದ ಮೇಲೆ ನಿಧಾನವಾದ ಆಸನಗಳಿಗೆ ಹೋಗಿ. ಕೆಲವು ದಿನ ನಾಲ್ಕು ನಮಸ್ಕಾರವಾದೀತು, ಕೆಲವು ದಿನ ಎರಡೇ. 12 ಆಗಲಿಲ್ಲವೆಂದು ಬೇಸರಿಸಿಕೊಂಡು ಮರುದಿನ ಚಾಪೆಯನ್ನೇ ಬಿಡಿಸದಿರುವುದರಿಂದ ಅಭ್ಯಾಸ ತಪ್ಪುತ್ತದೆಯೇ ಹೊರತು ಎರಡೇ ಮಾಡಿದ್ದರಿಂದ ತಪ್ಪುವುದಿಲ್ಲ. ಆದ್ದರಿಂದ ಬೇಸಿಗೆಯ ಅಳತೆಯನ್ನು ಮೀನ ಮಾಸ ಹುಟ್ಟುವ ಮೊದಲೇ ಗೊತ್ತುಮಾಡಿಕೊಳ್ಳಿ. ದಿನಕ್ಕೆ 15 ನಿಮಿಷ ಸಾಕು, ಆದರೆ ದಿನ ಬಿಡಬಾರದು. ಇದಕ್ಕೊಂದು ಕಾರಣವೂ ಇದೆ: ಸೆಕೆಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ಶ್ರಮಪಟ್ಟ ಶರೀರ ಒಂದೆರಡು ವಾರಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಎದೆಬಡಿತ ಇಳಿಯುತ್ತದೆ. ನಡುವೆ ಬಿಟ್ಟುಬಿಟ್ಟರೆ ಒಗ್ಗಿಕೊಂಡದ್ದೂ ಹೋಗುತ್ತದೆ.

ಹೊತ್ತಿನ ವಿಚಾರ. ನಮ್ಮಲ್ಲಿ ಏಪ್ರಿಲ್ ಆರಂಭದಲ್ಲಿ ಸೂರ್ಯೋದಯ ಸುಮಾರು 6.25ಕ್ಕೆ, ಮೇ ನಡುವಿಗೆ ಸುಮಾರು 6.05ಕ್ಕೆ. ದಿನದ ಅತಿ ಕಡಿಮೆ ತಾಪ ಇರುವುದು ಸೂರ್ಯೋದಯದ ಆಸುಪಾಸಿನಲ್ಲಿ. ಆಗ ಗಾಳಿಯ ಪಸೆ ಹೆಚ್ಚಿರುವುದರಿಂದ ಮೈ ಅಂಟಂಟಾದರೂ ಒಟ್ಟು ಹೊರೆ ಕಡಿಮೆ. 7 ಗಂಟೆಯ ಒಳಗೆ ಮುಗಿಸಿಬಿಡಿ. ತೋಟಕ್ಕೆ ನೀರು ಬಿಡುವುದು, ದನಗಳ ಕೆಲಸ, ಮಕ್ಕಳಿಗೆ ತಿಂಡಿ ಇವುಗಳ ನಡುವೆ ಅದು ಕಷ್ಟವೆಂದು ನನಗೂ ಗೊತ್ತು. ಹಾಗಿದ್ದರೆ ಕಾವಿ ನೆಲದ ಒಳಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಸಂಜೆ ಮಾಡಿ. ಯೋಗ ಮಾಡುವಾಗ ಫ್ಯಾನ್ ಇರಬಾರದು ಎಂದು ಹೇಳುವ ಶಿಕ್ಷಕರಿದ್ದಾರೆ. ಕರಾವಳಿಯ ಬೇಸಿಗೆಯಲ್ಲಿ ನಾನದನ್ನು ಒಪ್ಪುವುದಿಲ್ಲ, ಏಕೆಂದರೆ ಬೆವರು ಆರಲು ಬೀಸುವ ಗಾಳಿಯೊಂದೇ ದಾರಿ. ಸಂಜೆಯ ನಡಿಗೆಯನ್ನು ಡಾಮರು ರಸ್ತೆಯಿಂದ ತೋಟದ ನೆರಳಿಗೆ ಬದಲಾಯಿಸಿ.

ಕಪಾಲಭಾತಿಯನ್ನು ಮೂರು ಸುತ್ತಿನಿಂದ ಒಂದಕ್ಕೆ ಇಳಿಸಿ, ಮೈ ಬಿಸಿಯೇರಿಸುವವೆಂದು ಹೇಳುವ ಭಸ್ತ್ರಿಕಾ ಮತ್ತು ಸೂರ್ಯಭೇದನ ಪ್ರಾಣಾಯಾಮಗಳನ್ನು ಮಳೆ ಬರುವವರೆಗೆ ಬಿಡಬಹುದು. ಅವುಗಳ ಬದಲು ಕೊನೆಯಲ್ಲಿ ಎಂಟು ಹತ್ತು ಶೀತಲಿ (ಮಡಚಿದ ನಾಲಗೆಯ ಮೂಲಕ ಉಸಿರೆಳೆಯುವ ಪ್ರಾಣಾಯಾಮ) ಮಾಡಿ. ನಾಲಗೆಯನ್ನು ಕೊಳವೆಯಂತೆ ಮಡಚಲು ಎಲ್ಲರಿಗೂ ಬರುವುದಿಲ್ಲ, ಬಾರದವರು ಹಲ್ಲುಗಳ ಸಂದಿನಿಂದ ಉಸಿರೆಳೆಯುವ ಸೀತ್ಕಾರಿ ಮಾಡಿದರಾಯಿತು. ಒದ್ದೆ ನಾಲಗೆಯ ಮೇಲೆ ಗಾಳಿ ಹಾಯುವುದರಿಂದ ಬಾಯಿಗೆ ತಂಪೆನಿಸುತ್ತದೆ, ಮನಸ್ಸೂ ತಣಿಯುತ್ತದೆ. ಮೈಯ ಶಾಖವನ್ನೇ ಅದು ಇಳಿಸುತ್ತದೆಂದು ನಂಬಿ ಬಿಸಿಲಿಗೆ ಹೋಗಬೇಡಿ.

ಪ್ರಶ್ನೆ: ವಯಸ್ಸು 29, ಉಪ್ಪಳದಲ್ಲಿ ಅಂಗಡಿಯೊಂದರಲ್ಲಿ ಕೆಲಸ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಉಪನಯನ, ಬ್ರಹ್ಮಕಲಶ, ಕೋಲ, ರಾತ್ರಿ ಬೆಳಗಾಗುವ ಯಕ್ಷಗಾನ ಎಂದು ಎಲ್ಲವೂ ಒಟ್ಟಿಗೆ ಬಂದು ಕ್ರಮ ತಪ್ಪುತ್ತದೆ. ಎರಡು ತಿಂಗಳು ಬಿಟ್ಟರೆ ಗಳಿಸಿದ್ದೆಲ್ಲ ಹೋಗುತ್ತದೆಯೇ?
— ಓದುಗರು, ಉಪ್ಪಳ

ಉತ್ತರ: ಪೂರ್ತಿ ಬಿಟ್ಟರೆ ಮೊದಲು ಕುಗ್ಗುವುದು ಓಟ, ಸೈಕಲ್ ಮುಂತಾದವುಗಳಿಂದ ಬಂದ ದಮ್ಮು, ಎರಡು ವಾರದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಸ್ನಾಯುಗಳ ಬಲ ಅಷ್ಟು ಬೇಗ ಇಳಿಯುವುದಿಲ್ಲ. ಅದನ್ನು ಉಳಿಸಿಕೊಳ್ಳಲು ವಾರಕ್ಕೆ ಎರಡು ದಿನ ಸಾಕು, ಒಂದು ಷರತ್ತಿನೊಂದಿಗೆ: ಎತ್ತುವ ಭಾರವನ್ನು ಕಡಿಮೆ ಮಾಡದೆ ಸೆಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ, ಹಗುರವಾದದ್ದನ್ನು ನೂರು ಸಲ ಎತ್ತಿ ಬೆವರು ಸುರಿಸುತ್ತಾರೆ. ಬೇಸಿಗೆಗೆ ಅದಕ್ಕಿಂತ ಕೆಟ್ಟ ಕ್ರಮವಿಲ್ಲ. ಜಿಮ್‌ಗೆ ತಗಡಿನ ಮಾಡು ಇದ್ದರೆ ಸಂಜೆ 6 ಗಂಟೆಗೂ ಅದು ಕಾದಿರುತ್ತದೆ, ಬೆಳಿಗ್ಗೆ ಹೋಗಿ. ಯಕ್ಷಗಾನ ನೋಡಿ ನಿದ್ದೆಗೆಟ್ಟ ಮರುದಿನ ಭಾರ ಮುಟ್ಟಬೇಡಿ, ಹತ್ತು ನಿಮಿಷ ಆಸನ ಮಾಡಿ ಮಲಗಿ. ಮೇ 24ರ ಸುಮಾರಿಗೆ ಪತ್ತನಾಜೆ (ಆಟ, ಕೋಲಗಳ ಋತು ಮುಗಿಯುವ ದಿನ) ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ರಾತ್ರಿಗಳು ನಿಮ್ಮವೇ ಆಗುತ್ತವೆ. ಅಂದಿನಿಂದ ಒಂದೊಂದೇ ಸೆಟ್ ಹೆಚ್ಚಿಸುತ್ತ ಹೋದರೆ ಮಳೆಗಾಲ ಕೂಡಿಬರುವಾಗ ಹಳೆಯ ಕ್ರಮಕ್ಕೆ ಮರಳಿರುತ್ತೀರಿ.

ಪ್ರಶ್ನೆ: ವ್ಯಾಯಾಮದ ನಂತರ ಬೊಂಡ (ಎಳನೀರು) ಕುಡಿಯುವುದು ಒಳ್ಳೆಯದೋ, ಅಂಗಡಿಯ ಬಣ್ಣದ ಪಾನೀಯವೋ?
— ಓದುಗರು, ಕುಂಬಳೆ

ಉತ್ತರ: ಅರ್ಧ ಗಂಟೆಯ ಅಭ್ಯಾಸಕ್ಕೆ ನೀರೇ ಸಾಕು. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಹೀಗಾಗಿ ತುಂಬ ಬೆವರಿದ ದಿನ ಆಸರಿಗೆ (ಬಾಯಾರಿಕೆಗೆ) ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆ ಬೊಂಡಕ್ಕಿಂತ ಹೊಂದುತ್ತದೆ. ಪುನರ್ಪುಳಿ ಶರಬತ್ತಿಗೆ ಸಕ್ಕರೆ ಕಡಿಮೆ, ಒಂದು ಚಿಟಿಕೆ ಉಪ್ಪು ಇರಲಿ. ಎಷ್ಟು ಕುಡಿಯಬೇಕೆಂದು ತಿಳಿಯಲು ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಸುಮಾರು ಅರ್ಧ ಲೀಟರ್ ನೀರು ಹೋಗಿದೆ ಎಂದರ್ಥ. ಅದು ಕೊಬ್ಬು ಕರಗಿದ್ದಲ್ಲ.

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದೇನೆ. ಸಂಜೆ 4ಕ್ಕೆ ನಡೆಯಲು ಹೋಗುವಾಗ ಈಚೆಗೆ ತಲೆ ತಿರುಗುತ್ತದೆ.
— ಓದುಗರು, ಮಂಜೇಶ್ವರ

ಉತ್ತರ: ಮಾಸ್ತರರೇ, ನಾಲ್ಕು ಗಂಟೆಯ ನಡಿಗೆಯನ್ನು ಇಂದೇ ನಿಲ್ಲಿಸಿ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರದ ಮೂಲಕ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ. ಅದರ ಮೇಲೆ ಬೆವರೂ ಸೇರಿದರೆ ಒತ್ತಡ ಅತಿಯಾಗಿ ಇಳಿದು ತಲೆ ತಿರುಗುವುದುಂಟು. ಆದರೆ ಕಾರಣ ಅದೇ ಎಂದು ಪತ್ರದ ಮೂಲಕ ಹೇಳಲಾಗದು, ಮಾತ್ರೆಯನ್ನು ನೀವಾಗಿಯೇ ಬಿಡುವುದೂ ಬೇಡ, ಮೇಲಿನ ಉತ್ತರದ ಉಪ್ಪಿನ ಸಲಹೆ ನಿಮಗೆ ಅನ್ವಯಿಸುವುದೂ ಇಲ್ಲ. ಮಾತ್ರೆಯ ಚೀಟಿಯೊಂದಿಗೆ ಈ ವಾರವೇ ವೈದ್ಯರನ್ನು ಕಾಣಿರಿ. ಅವರು ಒಪ್ಪಿದ ಮೇಲೆ ಬೆಳಿಗ್ಗೆ 6.30ಕ್ಕೆ, ಯಾರಾದರೊಬ್ಬರ ಜತೆಗೆ, ಮನೆಯ ಆಸುಪಾಸಿನಲ್ಲಿ ನಡೆಯಿರಿ.